ಎಳ್ಳಮಾವಾಸ್ಯೆಯಂದು ಹೊಲದ ಮಕ್ಕಳಿಗೂ ರಜೆ ಸಿಗಲಿ

ಮಾನ್ಯ ಸಂಪಾದಕರೇ,

ವರ್ಷಾಂತ್ಯದ ರಜೆಯಲ್ಲಿ ಹಂಪಿಯಲ್ಲೂ ಅಂಜನಾದ್ರಿಯಲ್ಲೂ ಜನ ಕಿಕ್ಕಿರಿದ ಚಿತ್ರಗಳನ್ನು, ವಾಹನಗಳು ಸಾಲುಗಟ್ಟಿ ನಿಂತ ಸುದ್ದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ದೂರದೂರುಗಳಿಂದ ಜನ ನಮ್ಮ ಸೀಮೆಗೆ ಬರುವುದು ಸಂತೋಷದ ಸಂಗತಿಯೇ. ಆದರೆ ಅದೇ ದಿನಗಳಲ್ಲಿ, 2024ರ ಡಿಸೆಂಬರ್ 30ರ ಸೋಮವಾರ, ಕೊಪ್ಪಳ ಜಿಲ್ಲೆಯ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಎಳ್ಳಮಾವಾಸ್ಯೆಯ ಚರಗ, ಅಂದರೆ ಬೆಳೆಯ ಮೇಲೆ ಎಡೆ ಚೆಲ್ಲುವ ಆಚರಣೆ, ನಡೆಯಿತು. ಊರು ಬಿಟ್ಟು ಹೋದವರನ್ನು ವರ್ಷಕ್ಕೊಮ್ಮೆ ಹೊಲದ ಬದುವಿಗೆ ಕರೆತರುವ ಈ ಹಬ್ಬದ ಬಗ್ಗೆ, ಅದಕ್ಕಾಗಿ ನಾವು ಮಾಡಿದ ಪ್ರಯಾಣದ ಬಗ್ಗೆ, ಅಲ್ಲಿ ನನ್ನ ಮನಸ್ಸಿಗೆ ನಾಟಿದ ಒಂದು ಕೊರತೆಯ ಬಗ್ಗೆ ಕೆಲವು ಮಾತು ಬರೆಯುತ್ತಿದ್ದೇನೆ.

ನಾನು ಕೊಪ್ಪಳದಲ್ಲಿ ವಾಸವಾಗಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಹದಿನೈದು ದಿನ ಬೆಂಗಳೂರಿನ ಮಗನ ಮನೆಯಲ್ಲಿದ್ದು, ಶನಿವಾರ ರಾತ್ರಿ ಮಗ, ಸೊಸೆ ಮತ್ತು ಒಂಬತ್ತು ವರ್ಷದ ಮೊಮ್ಮಗನೊಡನೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಸ್ಲೀಪರ್ ಬೋಗಿಯಾದರೂ ನಡುದಾರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಗಳೂರಿನ ಕಟ್ಟಡ ಕೆಲಸಗಳಿಗೆ ದುಡಿಯಲು ಹೋದ ನಮ್ಮ ಕಡೆಯ ಕುಟುಂಬಗಳು ಹಬ್ಬಕ್ಕೆಂದು ಗಂಟುಮೂಟೆ, ಕೈಕೂಸುಗಳೊಡನೆ ಊರಿಗೆ ಹೊರಟಿದ್ದವು. ಟಿಕೆಟ್ ಕಾಯ್ದಿರಿಸಿದ ನಮಗೆ ಮೊದಲಿಗೆ ಇದು ಕಿರಿಕಿರಿಯೆನಿಸಿದ್ದು ಸುಳ್ಳಲ್ಲ. ರಾತ್ರಿ ಕಳೆದು ಬಳ್ಳಾರಿ ದಾಟಿದಾಗ, ನನ್ನ ಬರ್ತಿನ ಕೆಳಗೆ ಚಾದರ ಹಾಸಿ ಮಲಗಿದ್ದ ಹೆಣ್ಣುಮಗಳೊಬ್ಬಳು ಎದ್ದು ಕುಳಿತು, ಬಟ್ಟೆಯ ಗಂಟು ಬಿಚ್ಚಿ, ಕಟಕ ರೊಟ್ಟಿಯೊಂದನ್ನು ಮುರಿದು, ಅದರ ಮೇಲೆ ಗುರೆಳ್ಳು ಪುಡಿ ಉದುರಿಸಿ ನನ್ನ ಮೊಮ್ಮಗನ ಕೈಗಿಟ್ಟಳು. ಬೆಂಗಳೂರಿನಲ್ಲಿ ರೊಟ್ಟಿ ಎಲ್ಲಿ ಕೊಂಡೆ ತಾಯಿ ಎಂದು ಕೇಳಿದೆ. “ಕೊಂಡಿಲ್ರೀ, ನಾನ ಬಡದೀನಿ. ಹಿಟ್ಟು ನಮ್ಮೂರ ಜ್ವಾಳದ್ದ ರೀ, ಒಲಿ ಅಷ್ಟ ಬೆಂಗಳೂರಿಂದು” ಎಂದಳು. ಹೆಸರನ್ನೂ ಕೇಳದೆ ಆಕೆ ನಮಗೆ ಉಣಿಸಿದಳು. ನನ್ನ ಚೀಲದಲ್ಲಿದ್ದ ಬೇಕರಿಯ ಬಿಸ್ಕತ್ತಿನ ಪೊಟ್ಟಣವನ್ನು ಆಕೆಯ ಕೂಸಿಗೆ ಕೊಟ್ಟೆನಾದರೂ ಅದು ಆ ರೊಟ್ಟಿಗೆ ಸಮನಾಗಲಿಲ್ಲವೆಂಬ ಭಾವ ಇಂದಿಗೂ ಹೋಗಿಲ್ಲ.

ಹೊಸಪೇಟೆ ಬಿಟ್ಟು ತುಂಗಭದ್ರೆಯ ಸೇತುವೆಯ ಮೇಲೆ ರೈಲು ಬಂದಾಗ ಮಲಗಿದ್ದವರೂ ಎದ್ದು ಕಿಟಕಿಗೆ ಮುಖವಿಟ್ಟರು. ದೂರದಲ್ಲಿ ಅಣೆಕಟ್ಟೆ ಮಂಜಿನೊಳಗೆ ಮಸುಕಾಗಿ ಕಾಣುತ್ತಿತ್ತು. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದದ್ದು, ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ತಡೆಹಲಗೆಗಳನ್ನಿಳಿಸಿ ಅದನ್ನು ಮುಚ್ಚಿದ್ದು, ಆಮೇಲೆ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿದ್ದು ಓದುಗರಿಗೆಲ್ಲ ತಿಳಿದ ವಿಷಯ. ಗಂಗಾವತಿ ಕಡೆಯ ರೈತರೊಬ್ಬರು, ಎಡದಂಡೆ ಕಾಲುವೆಯ ನೀರನ್ನೇ ನಂಬಿ ಭತ್ತ ಬೆಳೆಯುವವರು, ನಿಂತಲ್ಲೇ ಚಪ್ಪಲಿ ಕಳಚಿ ಹೊಳೆಗೆ ಕೈಮುಗಿದರು. ನನ್ನ ಮಗ ಜೇಬಿನಿಂದ ಒಂದು ನಾಣ್ಯ ತೆಗೆದು ಮೊಮ್ಮಗನ ಕೈಯಿಂದ ಹೊಳೆಗೆ ಹಾಕಿಸಿದ. ಅವನು ಚಿಕ್ಕವನಿದ್ದಾಗ ನಾನು ಅವನ ಕೈಯಿಂದ ಹಾಕಿಸುತ್ತಿದ್ದೆ. ಅದನ್ನು ಅವನು ನೆನಪಿಟ್ಟಿದ್ದಾನೆಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ.

ಭಾನುವಾರ ಇಡೀ ದಿನ ಅಡುಗೆಯ ಕೆಲಸದಲ್ಲೇ ಕಳೆಯಿತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಪುಂಡಿ ಪಲ್ಯ, ಮಡಕಿ ಕಾಳಿನ ಪಲ್ಯ, ಶೇಂಗಾ ಹೋಳಿಗೆ, ಕಡುಬು, ಮೊಸರು ಕಲಸಿದ ಬಾನ ಇವಿಷ್ಟಿಲ್ಲದೆ ಚರಗದ ಪುಟ್ಟಿ (ಬುಟ್ಟಿ) ತುಂಬುವುದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನನ್ನ ಸೊಸೆ ಇದೇ ಮೊದಲ ಬಾರಿಗೆ ರೊಟ್ಟಿ ಬಡಿಯಲು ಕುಳಿತು, ಮೊದಲ ನಾಲ್ಕು ಹರಿದರೂ ಐದನೆಯದನ್ನು ದುಂಡಗೆ ಹಂಚಿಗೆ ಹಾಕಿದಳು. ಅದು ಬುರಿಬುರಿ ಉಬ್ಬಿದಾಗ ಆಕೆಯ ಮುಖದಲ್ಲಿ ಕಂಡ ಹಿಗ್ಗು, ಪಕ್ಕದ ಮನೆಯ ಹಿರಿಯರು ಬಾಗಿಲಲ್ಲೇ ನಿಂತು “ಸೊಸಿ ನಮ್ಮಾಕಿ ಆದ್ಲು ಬಿಡ್ರೀ” ಎಂದು ನಕ್ಕದ್ದು, ಇವೆರಡೇ ನನಗೆ ಆ ದಿನದ ಹಬ್ಬವಾಗಿದ್ದವು.

ನಮ್ಮ ಹೊಲವಿರುವುದು ಕುಕನೂರು ತಾಲೂಕಿನಲ್ಲಿ. ಸೋಮವಾರ ಬೆಳಿಗ್ಗೆ ಕೊಪ್ಪಳದ ನಿಲ್ದಾಣದಿಂದ ಹೊರಟ ಬಸ್ಸಿನಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ, ಹೆಚ್ಚಿನವರ ತೊಡೆಯ ಮೇಲೂ ಬಟ್ಟೆ ಮುಚ್ಚಿದ ಪುಟ್ಟಿಗಳೇ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾದಂದಿನಿಂದ, ತವರಿನ ಹೊಲದ ಚರಗಕ್ಕೆ ಹೋಗಿ ಅಂದೇ ಮರಳುವ ಹೆಣ್ಣುಮಕ್ಕಳು ಹೆಚ್ಚಾಗಿದ್ದಾರೆ ಎಂಬುದು ನಾನು ಕಣ್ಣಾರೆ ಕಂಡ ಮಾತು. ಮೊದಲು ಬಸ್ಸಿನ ದುಡ್ಡಿಗಾಗಿ ಗಂಡನನ್ನೋ ಮಗನನ್ನೋ ಕೇಳಿ, ಕೊನೆಗೆ ಬೇಡವೆಂದು ಸುಮ್ಮನಾಗುತ್ತಿದ್ದ ಹಲವರನ್ನು ನಾನು ಬಲ್ಲೆ.

ಊರು ಮುಟ್ಟಿ, ಹೊಲದ ದಾರಿ ಹಿಡಿದು ನಡೆದೆವು. ಚಕ್ಕಡಿಗಳು ಬೆರಳೆಣಿಕೆಯಷ್ಟು ಉಳಿದಿವೆ. ಜನ ಟ್ರ್ಯಾಕ್ಟರ್‌ಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ನಮ್ಮ ಹೊಲವನ್ನು ಕಳೆದ ಹನ್ನೆರಡು ವರ್ಷಗಳಿಂದ ಊರಿನ ಒಂದು ಕುಟುಂಬಕ್ಕೆ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದೇವೆ. ಬಿತ್ತುವವರು ಅವರು, ಕಳೆ ತೆಗೆಯುವವರು ಅವರು, ರಾತ್ರಿ ಹಂದಿ ಕಾಯುವವರೂ ಅವರೇ. ಹೀಗಿರುವಾಗ ವರ್ಷಕ್ಕೊಮ್ಮೆ ಹಬ್ಬದ ಬಟ್ಟೆ ಉಟ್ಟು ಬಂದ ನಾವು ಚರಗ ಚೆಲ್ಲುವುದು ಸರಿಯೇ ಎಂಬ ಅಳುಕು ನನ್ನ ಮಗನಿಗಿತ್ತು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ, ಕುಂಕುಮವಿಟ್ಟು, ಪಾಂಡವರೆಂದು ಪೂಜಿಸಿ, ಎರಡೂ ಮನೆಗಳ ಎಡೆಯನ್ನು ಒಂದೇ ಪುಟ್ಟಿಯಲ್ಲಿ ಕಲಸಿದ ಮೇಲೆ, ಆ ಮನೆಯ ಹೆಣ್ಣುಮಗಳು ಪುಟ್ಟಿಯನ್ನು ನನ್ನ ಮೊಮ್ಮಗನ ಮುಂದೆ ಹಿಡಿದು, “ಅಕ್ಕೋರ, ಈ ಸಲ ಕೂಸು ಚೆಲ್ಲಲಿ. ನಮ್ಮ ಹುಡುಗ ಹಿಂದ ನೀರು ಹಾಕ್ತಾನ” ಎಂದಳು. ಮಗನ ಅಳುಕು ಆ ಒಂದು ಮಾತಿಗೆ ಕರಗಿತು.

ಚರಗವನ್ನು ಕಾಣದ ಓದುಗರಿಗಾಗಿ ಹೇಳುವುದಾದರೆ, ಇದು ತೆನೆ ಹೊತ್ತು ನಿಲ್ಲುವ ಕಾಲದ ಭೂತಾಯಿಗೆ, ಬಸುರಿ ಹೆಣ್ಣಿಗೆ ಮಾಡುವಂತೆಯೇ, ಬಯಕೆಯ ಊಟ ಉಣಿಸುವ ಆಚರಣೆ. ಮುಂದಿನವರು “ಹುಲಿಗ್ಯೋ ಹುಲಿಗ್ಯೋ” ಎಂದು ಕೂಗುತ್ತ ಬೆಳೆಯ ಮೇಲೆ ಎಡೆ ಚೆಲ್ಲುತ್ತಾರೆ. ನೀರಿನ ಚರಿಗೆ ಹಿಡಿದು ಹಿಂದೆ ಬರುವವರು “ಚಳ್ಳಂಬರಿಗ್ಯೋ” ಎಂದು ಓಗೊಡುತ್ತಾರೆ. ಊರಿಂದೂರಿಗೆ ಈ ಮಾತು ಬದಲಾಗುತ್ತದೆ. ಒಬ್ಬರು ಕೂಗಿದರೆ ಇನ್ನೊಬ್ಬರು ಓಗೊಡಬೇಕೆಂಬ ಕ್ರಮ ಮಾತ್ರ ಎಲ್ಲೆಡೆಯೂ ಒಂದೇ. ನನ್ನ ಮೊಮ್ಮಗ ಮೊದಲ ಸಲ ಕೂಗಿದ್ದು ಅವನಿಗೇ ಕೇಳಿಸುವಷ್ಟು ಮೆತ್ತಗೆ. ಹಿಂದಿದ್ದ ಹುಡುಗ ಕಡಲೆ ಗಿಡಗಳು ಅಲುಗುವಂತೆ ಓಗೊಟ್ಟ. ಎರಡನೆಯ ಸಲ ದನಿ ಏರಿತು. ಮೂರನೆಯ ಸಲಕ್ಕೆ ಬದುವಿನಾಚೆಯ ಹೊಲದಿಂದ, ಅದರಾಚೆಯ ಜೋಳದ ಹೊಲದಿಂದ, ಮುಖವೂ ಕಾಣದ ಜನ ಓಗೊಟ್ಟರು. ನಿಂತಲ್ಲೇ ನಿಂತ ಮಗು ನನ್ನ ಕಡೆ ತಿರುಗಿ, “ಅಜ್ಜಿ, ಅವರು ನನಗೇ ಹೇಳಿದರಾ?” ಎಂದು ಕೇಳಿತು. ನಾನು ಹೌದೆಂದೆ.

ಇದನ್ನು ಬರೀ ನಂಬಿಕೆಯೆಂದು ತಳ್ಳಿಹಾಕುವವರಿಗೆ ಒಂದು ಮಾತು ಹೇಳಬೇಕು. ಚೆಲ್ಲಿದ ಅನ್ನಕ್ಕೆ ಬಂದ ಹಕ್ಕಿಗಳು ಕಡಲೆಯ ಕಾಯಿಕೊರಕ ಹುಳುವನ್ನೂ ಹೆಕ್ಕಿ ತಿನ್ನುತ್ತವೆ. ಕೃಷಿ ವಿಜ್ಞಾನಿಗಳು ಸಹ ಕಡಲೆ ಹೊಲದಲ್ಲಿ ಹಕ್ಕಿಗಳು ಕೂಡಲು ಕವಲು ಕಟ್ಟಿಗೆ ನೆಡಿರಿ, ಮಂಡಕ್ಕಿ ಚೆಲ್ಲಿರಿ ಎಂದು ಸಲಹೆ ಕೊಡುತ್ತಾರೆ. ಕಡಲೆ ಗಿಡದಲ್ಲಿ ಓಡಾಡಿದ ಮೊಮ್ಮಗನ ಕಾಲು ತುರಿಸತೊಡಗಿದಾಗ, ನೀರಿನ ಚರಿಗೆ ಹಿಡಿದಿದ್ದ ಆ ಹುಡುಗನೇ ಅವನಿಗೆ ಎಲೆಯ ಮೇಲಿನ ಹುಳಿಯನ್ನು ನಾಲಿಗೆಗೆ ಮುಟ್ಟಿಸಿ ತೋರಿಸಿದ. ಚಳಿಗಾಲದ ರಾತ್ರಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿಟ್ಟು, ಬೆಳಿಗ್ಗೆ ಇಬ್ಬನಿಯೊಡನೆ ಆ ಹುಳಿಯನ್ನು ಹಿಂಡಿಕೊಂಡು, ಹೊಟ್ಟೆನೋವಿಗೆ ಮದ್ದಾಗಿ ಇಟ್ಟುಕೊಳ್ಳುವುದನ್ನು ತನ್ನ ಅಜ್ಜ ಮಾಡುತ್ತಾನೆಂದು ವಿವರಿಸಿದ. ಮೂವತ್ತು ವರ್ಷ ಪಾಠ ಹೇಳಿದ ನಾನು ಅಷ್ಟು ಅಚ್ಚುಕಟ್ಟಾದ ಪರಿಸರ ಪಾಠವನ್ನು ಬಹಳ ಕಡಿಮೆ ಕೇಳಿದ್ದೇನೆ.

ಊಟಕ್ಕೆ ಕುಳಿತಾಗ, ಇಂದು ಶಾಲೆಗೆ ರಜೆಯೇನಪ್ಪ ಎಂದು ಆ ಹುಡುಗನನ್ನು ಕೇಳಿದೆ. “ಇಲ್ರೀ ಅಕ್ಕೋರ, ಸಾಲಿ ಐತ್ರೀ. ತಪ್ಪಿಸೀನ್ರಿ. ನಾಳೆ ಬೈತಾರ” ಎಂದು ತಲೆ ತಗ್ಗಿಸಿದ. ಅವನು ಓದುವುದು ಸಮೀಪದ ಪಟ್ಟಣದ ಶಾಲೆಯೊಂದರಲ್ಲಿ, ಐದನೆಯ ತರಗತಿ. ಬೆಂಗಳೂರಿನಿಂದ ನಾನೂರು ಕಿಲೊಮೀಟರಿನಷ್ಟು ದೂರದಿಂದ ಬಂದ ನನ್ನ ಮೊಮ್ಮಗನಿಗೆ ಕ್ರಿಸ್‌ಮಸ್ ನೆಪದಲ್ಲಿ ಒಂದು ವಾರದ ರಜೆಯಿತ್ತು. ಅದೇ ಹೊಲದಲ್ಲಿ ಬಿತ್ತನೆಯಿಂದ ರಾಶಿಯವರೆಗೂ ತಂದೆತಾಯಿಗೆ ಕೈಜೋಡಿಸುವ ಹುಡುಗ ತನ್ನ ಹೊಲದ ಹಬ್ಬಕ್ಕೆ ಕದ್ದು ಬರಬೇಕಾಗಿತ್ತು. ಕ್ರಿಸ್‌ಮಸ್ ರಜೆಯ ಬಗ್ಗೆ ನನಗೆ ಕಿಂಚಿತ್ತೂ ಆಕ್ಷೇಪವಿಲ್ಲ. ಎಲ್ಲ ಮಕ್ಕಳಿಗೂ ಅವರವರ ಹಬ್ಬಗಳು ಸಿಗಬೇಕು. ಆದರೆ ಓಗೊಡಲು ಆ ಹುಡುಗ ಇಲ್ಲದಿದ್ದರೆ ನನ್ನ ಮೊಮ್ಮಗನ ಕೂಗು ಮೊದಲ ಸಲಕ್ಕೇ ನಿಂತುಹೋಗುತ್ತಿತ್ತು ಎಂಬ ವಿಚಾರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಸಂಜೆ ಕೊಪ್ಪಳಕ್ಕೆ ಮರಳುವ ಮುನ್ನ ಇಬ್ಬರೂ ಹುಡುಗರನ್ನು ಕರೆದುಕೊಂಡು ಇಟಗಿಗೆ ಹೋದೆವು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ ಮಹಾದೇವ ದೇವಾಲಯದಲ್ಲಿ ಆ ಹೊತ್ತಿಗೆ ನಾವಲ್ಲದೆ ಹತ್ತು ಜನರೂ ಇರಲಿಲ್ಲ. ಹುಡುಗರು ಕಡೆದ ಕಂಬಗಳ ಉಂಗುರಗಳನ್ನು ಬೆರಳಿನಿಂದ ಸವರುತ್ತ ಎಣಿಸಿದರು, ಪುಷ್ಕರಣಿಯ ಮೆಟ್ಟಿಲ ಮೇಲೆ ಉಳಿದ ಶೇಂಗಾ ಹೋಳಿಗೆಯನ್ನು ಹಂಚಿಕೊಂಡರು. ಒಬ್ಬನಿಗೆ ಅದು ಪ್ರವಾಸ, ಇನ್ನೊಬ್ಬನಿಗೆ ಪಕ್ಕದೂರಿನ ಗುಡಿ. ಆದರೂ ಇಬ್ಬರೂ ಅದನ್ನು ಅಂದೇ ಮೊದಲು ನೋಡಿದ್ದು.

ಇನ್ನು ನನ್ನ ವಿನಂತಿ. ಎಳ್ಳಮಾವಾಸ್ಯೆ ರಾಜ್ಯದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿಲ್ಲ. ಇಡೀ ರಾಜ್ಯಕ್ಕೆ ಆ ರಜೆ ಬೇಕೆಂದು ನಾನು ಕೇಳುತ್ತಲೂ ಇಲ್ಲ. ಶಾಲೆಗಳಿಗೆ ಸ್ಥಳೀಯ ಹಬ್ಬ, ಜಾತ್ರೆಗಳಿಗೆ ತಕ್ಕಂತೆ ಸ್ಥಳೀಯ ರಜೆ ಕೊಡುವ ಅವಕಾಶವಿದ್ದು, ನಮ್ಮ ಭಾಗದ ಎಷ್ಟೋ ಹಳ್ಳಿಗಳ ಮುಖ್ಯ ಶಿಕ್ಷಕರು ಇದನ್ನು ಎಳ್ಳಮಾವಾಸ್ಯೆಗೆ ಬಳಸುತ್ತಾರೆ. ಪಟ್ಟಣದ ಶಾಲೆಗಳು, ಅದರಲ್ಲೂ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳೇ ಹೆಚ್ಚಿರುವ ಶಾಲೆಗಳು, ಇದನ್ನು ಮರೆಯುತ್ತವೆ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಈ ಒಂದು ದಿನವನ್ನು ಎಲ್ಲ ಶಾಲೆಗಳಿಗೂ ಸ್ಥಳೀಯ ರಜೆಯೆಂದು ಮೊದಲೇ ತಿಳಿಸಿ, ತಪ್ಪಿದ ಪಾಠದ ಅವಧಿಯನ್ನು ಶನಿವಾರದ ಮಧ್ಯಾಹ್ನಗಳಲ್ಲಿ ತುಂಬಿಕೊಳ್ಳಲು ಹೇಳಿದರೆ ಯಾರಿಗೂ ನಷ್ಟವಿಲ್ಲ. ಶಿಕ್ಷಕಿಯಾಗಿದ್ದಾಗ ನಾನೇ ಹಲವು ಸಲ ಹೀಗೆ ಪಾಠ ತುಂಬಿಕೊಂಡಿದ್ದೇನೆ.

ಮೊಮ್ಮಗ ಬೆಂಗಳೂರಿಗೆ ಮರಳಿದ್ದಾನೆ. ಇದೇ ಜನವರಿ 14ರಂದು ಸಂಕ್ರಾಂತಿ, ಮರುದಿನ ಪುಷ್ಯ ಬಹುಳ ಬಿದಿಗೆಯಂದು ಕೊಪ್ಪಳದ ಗವಿಮಠದ ಅಜ್ಜ ಗವಿಸಿದ್ಧೇಶ್ವರರ ಮಹಾರಥೋತ್ಸವ. ದಾಸೋಹಕ್ಕೆ ಕಳಿಸಲು ನಮ್ಮ ಓಣಿಯ ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆ, ನಾನೂ ಅದರ ನಡುವೆ ಬಿಡುವು ಮಾಡಿಕೊಂಡು ಈ ಪತ್ರ ಬರೆದಿದ್ದೇನೆ. ಈ ವರ್ಷದ ಎಳ್ಳಮಾವಾಸ್ಯೆ 2025ರ ಡಿಸೆಂಬರ್ 19ರಂದು, ಶುಕ್ರವಾರ ಬರುತ್ತದೆ. ಜೂನ್‌ನಲ್ಲಿ ಶಾಲೆಗಳು ತಮ್ಮ ವರ್ಷದ ಕ್ಯಾಲೆಂಡರ್ ಸಿದ್ಧಪಡಿಸುವ ಮೊದಲೇ ಈ ವಿಷಯ ಸಂಬಂಧಪಟ್ಟವರ ಗಮನಕ್ಕೆ ಬರಲೆಂದು ಪತ್ರವನ್ನು ಪ್ರಕಟಿಸಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಕೊಪ್ಪಳ