ಅಂಗಡಿಗೆ ಹೋಗಬೇಡ, ಅವ್ವನ ಟ್ರಂಕ್ ತೆಗೆ

ಗೆಳೆಯಾ,

ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಏನು ಕೊಡಲಿ ಅಂತ ಕೇಳಿದ್ದೀಯ. ಬೆಳ್ಳಿ ಬಟ್ಟಲು, ಉಡದಾರ, ಕಾಲಿನ ಗೆಜ್ಜೆ ಎಲ್ಲ ಬೇರೆಯವರು ತರುತ್ತಾರೆ, ಸೋದರಮಾವ ಅಂತ ನನ್ನದೂ ಒಂದು ಇರಬೇಕಲ್ಲ ಅಂದಿದ್ದೀಯ. ಅದರ ಕೆಳಗೇ, ಸಂಜೆ ಮನೆಗೆ ಬಂದರೆ ಫೋನ್ ಬಿಟ್ಟು ಬೇರೇನೂ ತೋಚುವುದಿಲ್ಲ ಅಂತಲೂ ಬರೆದಿದ್ದೀಯ. ಎರಡಕ್ಕೂ ನನ್ನ ಹತ್ತಿರ ಇರುವುದು ಒಂದೇ ಉತ್ತರ. ಅಂಗಡಿಗೆ ಹೋಗಬೇಡ. ನಿಮ್ಮ ಅವ್ವನ ಟ್ರಂಕ್ ತೆಗೆ. ಒಂದು ಕುಲಾವಿ ಹೊಲಿ, ತೊಟ್ಟಿಲಿಗೆ ಆಗುವಷ್ಟು ಒಂದು ಕೌದಿ ಹೊಲಿ, ಬಂದವರಿಗೆ ಕೊಡಲು ಒಂದು ಡಬ್ಬಿ ನಾನ್‌ಖಟಾಯಿ ಮಾಡು. ಮೂರನೇ ತಿಂಗಳಲ್ಲಿ ಹೆಸರಿಡುವುದು ಅಂದರೆ ಇನ್ನೂ ಬೇಕಾದಷ್ಟು ದಿನ ಇದೆ ಅಲ್ವಾ.

ಗಂಡಸು ಹೊಲಿಗೆ ಮಷಿನ್ ಮುಂದೆ ಕೂತರೆ ಮನೆಯವರು ಏನಂದಾರು ಅನ್ನುವ ಯೋಚನೆ ನಿನಗೆ ಬಂದೇ ಬರುತ್ತದೆ. ಸ್ವಲ್ಪ ನೆನಪು ಮಾಡಿಕೋ. ನಮ್ಮ ಓಣಿಯಲ್ಲಿ ಯೂನಿಫಾರ್ಮ್ ಹೊಲಿದು ಕೊಟ್ಟವರು ಯಾರು? ಬೇಕರಿಯಲ್ಲಿ ಭಟ್ಟಿಯ ಮುಂದೆ ಬೆವರು ಸುರಿಸಿ ಬ್ರೆಡ್ಡು ತೆಗೆಯುತ್ತಿದ್ದವರು ಯಾರು? ಹಾಸನದ ಕಡೆಯಿಂದ ಬಂದು ಬೆಂಗಳೂರಿನ ಮೂಲೆ ಮೂಲೆಗೆ ಖಾರಾ ಬನ್ನು, ದಿಲ್‌ಪಸಂದ್ ತಲುಪಿಸಿದ ಅಯ್ಯಂಗಾರರು ಯಾರು? ಎಲ್ಲ ಗಂಡಸರೇ. ದುಡ್ಡು ಬಂದರೆ ಗಂಡಸಿನ ಕಸುಬು, ಮನೆಗಾಗಿ ಮಾಡಿದರೆ ಹೆಂಗಸಿನ ಕೆಲಸ ಅಂತ ಯಾರೋ ಗೆರೆ ಹಾಕಿಟ್ಟಿದ್ದಾರೆ. ಅದನ್ನು ನಾನಂತೂ ಒಪ್ಪುವುದಿಲ್ಲ.

ಮೊದಲು ಕುಲಾವಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು ಅಂತ ಗಾದೆ ಇದೆಯಲ್ಲ, ನಿನಗೆ ಆ ಮಾತು ತಾಗುವುದಿಲ್ಲ, ಕೂಸು ಹುಟ್ಟಿ ಆಯಿತು. ಹೊರಗಿನ ಬಟ್ಟೆಗೆ ಗುಳೇದಗುಡ್ಡದ ಖಣ, ಅಂದರೆ ಅಲ್ಲಿ ನೇಯುವ ರವಿಕೆ ಬಟ್ಟೆ, ತಗೋ. ಬೇರೆ ಏನೂ ಅಷ್ಟು ಚಂದ ಕಾಣುವುದಿಲ್ಲ, ಇದು ನನ್ನ ಹಟ ಅಂತ ಬೇಕಾದರೆ ಇಟ್ಟುಕೋ. ಆದರೆ ಖಣದ ನುಣುಪೆಲ್ಲ ಹೊರಗಿನವರ ಕಣ್ಣಿಗೆ. ಕೂಸಿನ ನೆತ್ತಿಗೆ ತಾಗುವುದು ಅಸ್ತರ್. ಹಾಗಾಗಿ ಒಳಗೆ ಹಾಕುವ ಬಟ್ಟೆಯನ್ನೇ ಜಾಸ್ತಿ ಹುಡುಕಬೇಕು. ನಿಮ್ಮ ಅಪ್ಪಾಜಿಯ ಹಳೆಯ ಪಂಚೆ ಇದ್ದರೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ವರ್ಷಗಟ್ಟಲೆ ಒಗೆದೂ ಒಗೆದೂ ಮೆತ್ತಗಾದ ಹತ್ತಿ ಬಟ್ಟೆ, ಗಂಜಿ ಇಲ್ಲ, ಬಣ್ಣ ಬಿಡುವುದಿಲ್ಲ, ಇನ್ನು ಕುಗ್ಗುವುದೂ ಇಲ್ಲ. ಹೊಸ ಬಟ್ಟೆ ಹಾಕುವುದಾದರೆ ಕತ್ತರಿಸುವ ಮೊದಲು ಒಂದು ಸಲ ನೆನೆಸಿ ಒಣಗಿಸಲೇಬೇಕು.

ಕುಲಾವಿಯನ್ನು ಹತ್ತು ತರಹ ಹೊಲಿಯುತ್ತಾರೆ. ಸುಲಭದ್ದು ಹೇಳುತ್ತೇನೆ. ಟೇಪು ತಗೊಂಡು ಕೂಸಿನ ಒಂದು ಕಿವಿಯ ಕೆಳಗಿನಿಂದ ನೆತ್ತಿಯ ಮೇಲೆ ಹಾಯಿಸಿ ಇನ್ನೊಂದು ಕಿವಿಯ ಕೆಳಗಿನವರೆಗೆ ಅಳೆ, ಅದು ಉದ್ದ. ಹಣೆಯಿಂದ ಹಿಂದಲೆಯವರೆಗೆ ಅಳೆ, ಅದು ಅಗಲ. ಎರಡಕ್ಕೂ ಒಂದೊಂದು ಇಂಚು ಮಾರ್ಜಿನ್ ಸೇರಿಸಿ ಖಣ ಮತ್ತು ಅಸ್ತರ್ ಎರಡನ್ನೂ ಒಂದೇ ಅಳತೆಗೆ ಕತ್ತರಿಸು. ಹಿಂದಲೆಯ ಕಡೆಯ ಅಂಚಿಗೆ ಕೈಯಲ್ಲೇ ದಪ್ಪ ದಾರದಿಂದ ಕಚ್ಚಾ ಹೊಲಿಗೆ ಹಾಕಿ ದಾರ ಎಳೆದರೆ ನೆರಿಗೆ ಕೂಡುತ್ತಾ ಬಂದು ಸಣ್ಣ ಸುತ್ತು ಆಗುತ್ತದೆ, ಅಲ್ಲಿ ಬಿಗಿಯಾಗಿ ಟಾಕಿ ಹಾಕಿ ಮೇಲೊಂದು ದುಂಡು ಬಟ್ಟೆ ಮುಚ್ಚಿ ಹೊಲಿ. ಕೆಳಗಿನ ಅಂಚಿಗೆ ಒಂದು ಪಟ್ಟಿ ಕೊಟ್ಟು ಅದನ್ನೇ ಎರಡೂ ಕಡೆ ಸ್ವಲ್ಪ ಉದ್ದ ಬಿಟ್ಟರೆ ಗದ್ದದ ಕೆಳಗೆ ಕಟ್ಟುವ ಲಾಡಿ. ಅಷ್ಟೇ.

ಅಳತೆಯ ವಿಷಯದಲ್ಲಿ ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೋ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್ ಇರುತ್ತದೆ. ಆರು ತಿಂಗಳಿಗೆ 43ರ ಹತ್ತಿರ ಬರುತ್ತದೆ, ವರ್ಷ ತುಂಬುವಾಗ 46. ಅಂದರೆ ಇವತ್ತು ಸರಿಯಾಗಿ ಕೂತ ಕುಲಾವಿ ಮೂರು ತಿಂಗಳಿಗೆ ಬಿಗಿ. ಅದಕ್ಕೇ ಮುಂದಿನ ಅಂಚನ್ನು ಒಳಕ್ಕೆ ಜಾಸ್ತಿ ಮಡಚಿ ಹೊಲಿ, ತಂಗಿಗೆ ಬೇಕಾದಾಗ ಆ ಒಂದು ಸಾಲು ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಳ್ಳುತ್ತಾಳೆ. ಮಣಿ, ಗುಂಡಿ, ಗೆಜ್ಜೆ ಯಾವುದೂ ಬೇಡ, ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಶೋಭೆಗೆ ನೆತ್ತಿಯ ಮೇಲೆ ದಾರದ ಒಂದು ಗೊಂಡೆ ಸಾಕು, ಜಗ್ಗಿದರೂ ಬಾರದ ಹಾಗೆ ಹೊಲಿದಿರಬೇಕು. ಮಲಗಿಸುವಾಗ ಕುಲಾವಿ ತೆಗೆದುಬಿಡು ಅಂತಲೂ ಅವಳಿಗೆ ಹೇಳು, ಲಾಡಿ ಕುತ್ತಿಗೆಗೆ ಸಿಕ್ಕಬಾರದು.

ಕೌದಿಗೆ ಮಷಿನ್ ಬೇಡವೇ ಬೇಡ. ನಿನಗೂ ನೆನಪಿರಬೇಕು, ಮಳೆಗಾಲಕ್ಕೆ ಮುಂಚೆ ಕೌದಿ ಹೊಲಿಯುವ ಹೆಂಗಸರು ಬಂದು ಕಟ್ಟೆಯ ಮೇಲೆ ಹಳೆ ಸೀರೆ ಹರವಿಕೊಂಡು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ, ಮಾತಿಗೂ ಕೈಗೂ ಬಿಡುವೇ ಇರುತ್ತಿರಲಿಲ್ಲ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಒಮ್ಮೆ ಹತ್ತಿರದಿಂದ ನೋಡು. ಅವರು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತು ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯ ತುಂಡನ್ನು ಮೂರು ಮೂಲೆಯಾಗಿ ಮಡಚಿ ಹೂವು ಕೂರಿಸುತ್ತಾರೆ, ಅದಿಲ್ಲದೆ ಕೌದಿ ಮುಗಿಯಿತು ಅನ್ನುವುದೇ ಇಲ್ಲ. ಮೈಮುಚ್ಚಲು ಹೊಲಿದ ಹಳೆ ಬಟ್ಟೆಗೂ ಮೂಲೆಯಲ್ಲಿ ಹೂವು ಬೇಕು ಅನ್ನುವ ಆ ಮನಸ್ಸು ನನಗೆ ತುಂಬಾ ದೊಡ್ಡದು ಅನಿಸುತ್ತದೆ.

ತೊಟ್ಟಿಲ ಕೌದಿಗೆ 30 ಇಂಚು ಅಗಲ, 36 ಇಂಚು ಉದ್ದ ಧಾರಾಳ. ಕೂಸಿನ ಮೇಲೆ ಹೊದಿಸಲು ಅಲ್ಲ, ಕೆಳಗೆ ಹಾಸಲು. ಮೇಲೊಂದು ಸೀರೆ, ಕೆಳಗೊಂದು, ನಡುವೆ ಪಂಚೆಯ ಒಂದು ಪದರ, ಮೂರಕ್ಕಿಂತ ಜಾಸ್ತಿ ಬೇಡ, ದಪ್ಪವಾದರೆ ಒಗೆದು ಒಣಗಿಸುವವರ ಪಾಡು ಕೇಳಬೇಡ. ಎಲ್ಲ ಹತ್ತಿಯೇ ಆಗಿರಲಿ. ಪಾಲಿಯೆಸ್ಟರ್ ಸೀರೆ ಸೂಜಿಯ ಕೆಳಗೆ ಜಾರುತ್ತದೆ, ಒದ್ದೆಯನ್ನೂ ಹೀರುವುದಿಲ್ಲ. ನೆಲದ ಮೇಲೆ ಒಂದು ಸುಕ್ಕೂ ಇಲ್ಲದ ಹಾಗೆ ಹರವಿ, ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿದು ನಿಲ್ಲಿಸು, ಆಮೇಲೆ ಒಂದು ಬೆರಳು ಅಂತರಕ್ಕೆ ಒಂದೊಂದು ಸಾಲು. ದಿನಾ ಊಟ ಆದ ಮೇಲೆ ನಾಲ್ಕು ಸಾಲು ಸಾಕು. ಹೊಲಿಯುತ್ತಾ ಹೋದಂತೆ ಸಾಲಿನ ನಡುವಿನ ಬಟ್ಟೆ ಸಣ್ಣಗೆ ಉಬ್ಬಿ ನಿಲ್ಲುತ್ತದೆ, ಅಂಗೈ ಆಡಿಸಿ ನೋಡು, ಯಾವ ಅಂಗಡಿಯ ಬ್ಲಾಂಕೆಟ್ಟಿಗೂ ಆ ಮೈ ಇರುವುದಿಲ್ಲ.

ಧೈರ್ಯ ಬಂದರೆ ಒಂದು ಮೂಲೆಯಲ್ಲಿ ಸಣ್ಣದೊಂದು ಕಸೂತಿ ಹಾಕು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಬಗೆ. ನಿನಗೆ ಗವಂತಿ ಸಾಕು. ಒಂದು ಎಳೆ ಬಿಟ್ಟು ಒಂದು ಹೊಲಿಯುತ್ತಾ ಹೋಗುವುದು, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವ ಹಾಗೇ ಇಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣುತ್ತದೆ. ಕೂಸಿನ ಬಟ್ಟೆಗೆ ಇದಕ್ಕಿಂತ ಒಳ್ಳೆಯ ಹೊಲಿಗೆ ಎಲ್ಲಿದೆ ಹೇಳು, ಮೈಗೆ ಚುಚ್ಚಲು ಒಂದು ಗಂಟೂ ಇಲ್ಲ! ಸೀರೆಯ ನಯದ ಮೇಲೆ ಎಳೆ ಎಣಿಸುವುದು ಹೊಸಬರಿಗೆ ಕಷ್ಟ. ಎಳೆ ಸುಲಭವಾಗಿ ಎಣಿಸಲು ಬರುವ ಮ್ಯಾಟಿ ಬಟ್ಟೆಯ ತುಂಡಿನ ಮೇಲೆ ಒಂದು ಗಿಳಿಯನ್ನೋ ತುಳಸಿಕಟ್ಟೆಯನ್ನೋ ಹಾಕಿ ಅದನ್ನು ಕೌದಿಗೆ ಸೇರಿಸಿಬಿಡು.

ಟ್ರಂಕ್ ತೆಗೆದಾಗ ಇನ್ನೊಂದು ಸಿಗುತ್ತದೆ, ನನಗೆ ಗ್ಯಾರಂಟಿ ಗೊತ್ತು. ಜಂಪರ್ ಪೀಸಿನ, ಅಂದರೆ ಹೊಲಿಯದ ರವಿಕೆ ಬಟ್ಟೆಯ ರಾಶಿ. ಉಡಿ ತುಂಬುವಾಗ ಬಂದದ್ದು, ಗೃಹಪ್ರವೇಶದಲ್ಲಿ ಬಂದದ್ದು, ಆ ಮನೆಯಿಂದ ಈ ಮನೆಗೆ ಬಂದು ಈ ಮನೆಯಿಂದ ಇನ್ನೊಂದು ಮನೆಗೆ ಹೋಗಲು ಕಾಯುತ್ತಾ ಕೂತದ್ದು. ಎಷ್ಟೋ ಪೀಸುಗಳು ಹೊಲಿಗೆ ಕಾಣದೆ ಊರು ಸುತ್ತುತ್ತಲೇ ಇರುತ್ತವೆ. ಅವುಗಳಲ್ಲಿ ಹತ್ತಿಯವನ್ನು ಆರಿಸಿ ತಾಂಬೂಲದ ಚೀಲ ಮಾಡು. ಒಂದು ಪೀಸಿನಲ್ಲಿ ಸಣ್ಣವು ಎರಡು ಮೂರು ಆಗುತ್ತವೆ. ನೇರ ಹೊಲಿಗೆ ಬಿಟ್ಟು ಬೇರೆ ಏನೂ ಬೇಕಿಲ್ಲದ ಕೆಲಸ, ಹೊಸದಾಗಿ ಮಷಿನ್ ತುಳಿಯುವವರ ಕೈ ಕೂರಲು ಇದೇ ಒಳ್ಳೆಯ ಪಾಠ. ಕುಲಾವಿಗೆ ಕೈ ಹಾಕುವ ಮೊದಲು ಇದನ್ನೇ ಮಾಡು.

ಇನ್ನು ನಾನ್‌ಖಟಾಯಿ. ನಮ್ಮ ಕಡೆ ಮನೆಯಲ್ಲಿ ಓವನ್ ಎಲ್ಲಿತ್ತು? ದೀಪಾವಳಿಗೋ ರಂಜಾನಿಗೋ ಹಿಟ್ಟು, ಸಕ್ಕರೆ, ಡಾಲ್ಡಾನೋ ತುಪ್ಪವೋ ಕಟ್ಟಿಕೊಂಡು ಬೇಕರಿ ಭಟ್ಟಿಗೆ ಹೋಗಿ, ಅಲ್ಲೇ ಕೂತು ಉಂಡೆ ಕಟ್ಟಿ, ಟ್ರೇ ಒಳಗೆ ಹೋಗಿ ಬರುವವರೆಗೆ ಕಾದು, ಡಬ್ಬಿ ತುಂಬಿಸಿಕೊಂಡು ಬರುತ್ತಿದ್ದರು. ನಿನ್ನ ಅಡುಗೆಮನೆಯಲ್ಲಿ ಈಗ ಓಟಿಜಿ ಅನ್ನುವ ಸಣ್ಣ ಕರೆಂಟ್ ಓವನ್ ಇದೆ, ಮೇಲೆ ಪಾತ್ರೆ ಇಟ್ಟು ಸುಮ್ನೆ ಮೂಲೆಗೆ ತಳ್ಳಿದ್ದೀಯ. ಅದನ್ನು ಒರೆಸಿ ಈಚೆ ತೆಗೆ.

ಮೈದಾ ಒಂದು ಕಪ್, ಕಡಲೆ ಹಿಟ್ಟು ಅರ್ಧ ಕಪ್, ಚಿರೋಟಿ ರವೆ ಎರಡು ಚಮಚ, ಸಕ್ಕರೆ ಪುಡಿ ಮುಕ್ಕಾಲು ಕಪ್, ತುಪ್ಪ ಮುಕ್ಕಾಲು ಕಪ್ಪಿಗೆ ಸ್ವಲ್ಪ ಕಡಿಮೆ. ಏಲಕ್ಕಿ, ಒಂದು ಚಿಟಿಕೆ ಸೋಡಾ, ಒಂದು ಚಿಟಿಕೆ ಉಪ್ಪು. ಇದರ ಗುಟ್ಟೆಲ್ಲ ತುಪ್ಪದಲ್ಲಿದೆ. ಕರಗಿಸಿದ ತುಪ್ಪ ಹಾಕಿದರೆ ಬಿಸ್ಕತ್ತು ತಟ್ಟೆಯಲ್ಲಿ ಹರಡಿಬಿಡುತ್ತದೆ. ಮರಳು ಮರಳಾಗಿ ಹೆಪ್ಪುಗಟ್ಟಿದ ತುಪ್ಪ ತಗೊಂಡು ಅದಕ್ಕೆ ಸಕ್ಕರೆ ಪುಡಿ ಸೇರಿಸಿ, ಬಣ್ಣ ಬೆಳ್ಳಗಾಗಿ ಹಗುರ ಆಗುವವರೆಗೆ ಅಂಗೈಯಿಂದ ಉಜ್ಜು. ತಾಟಿನಲ್ಲಿ ಉಜ್ಜಿದರೆ ಇನ್ನೂ ಸಲೀಸು. ಆಮೇಲೆ ಹಿಟ್ಟು ಸೇರಿಸಿ ಒತ್ತಿ ನಾದದೆ ಒಟ್ಟು ಮಾಡು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಬಾಯಲ್ಲಿ ಕರಗುವುದಿಲ್ಲ. ಉಂಡೆ ಮಾಡಿ ಸ್ವಲ್ಪ ಒತ್ತಿ, ನಡುವೆ ಪಿಸ್ತಾ ಚೂರು ಇಟ್ಟು, ಮೊದಲೇ ಬಿಸಿ ಮಾಡಿದ ಓವನ್ನಿನಲ್ಲಿ 160 ಡಿಗ್ರಿಗೆ 15ರಿಂದ 18 ನಿಮಿಷ. ತೆಗೆದಾಗ ಮುಟ್ಟಿದರೆ ಮೆತ್ತಗೆ ಇರುತ್ತದೆ, ಬೆಂದಿಲ್ಲ ಅಂತ ಮತ್ತೆ ಒಳಗೆ ತಳ್ಳಬೇಡ. ತಳ ಸ್ವಲ್ಪ ಕೆಂಪಗಾಗಿದ್ದರೆ ಆಯಿತು. ಆರಿದ ಮೇಲೆ ತಾನೇ ಗಟ್ಟಿಯಾಗುತ್ತದೆ. ಪೂರ್ತಿ ಆರದೆ ಡಬ್ಬಿ ಮುಚ್ಚಬಾರದು.

ವಾರದ ನಡುವೆ ಮಕ್ಕಳಿಗೆ ಅಂತ ಏನಾದರೂ ಬೇಕಾದರೆ ರವೆ ಕೇಕ್ ಮಾಡು. ಅದಕ್ಕೆ ಓವನ್ನೂ ಬೇಡ, ಮೊಟ್ಟೆಯೂ ಬೇಡ. ಒಂದು ಕಪ್ ಚಿರೋಟಿ ರವೆಗೆ ಅರ್ಧ ಕಪ್ ಮೊಸರು, ಅರ್ಧ ಕಪ್ ಹಾಲು, ಮುಕ್ಕಾಲು ಕಪ್ ಸಕ್ಕರೆ, ಕಾಲು ಕಪ್ ಎಣ್ಣೆ ಹಾಕಿ ಅರ್ಧ ಗಂಟೆ ಮುಚ್ಚಿಡು. ರವೆ ಹೀರಿಕೊಂಡು ಉಬ್ಬಬೇಕು, ಆ ಅರ್ಧ ಗಂಟೆ ಕಾಯದಿದ್ದರೆ ಕೇಕು ಹಲ್ಲಿಗೆ ಸಿಗುತ್ತದೆ. ಒಲೆಗೆ ಇಡುವ ಮೊದಲಷ್ಟೇ ಅರ್ಧ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಸೋಡಾ. ಮೊಸರಿನ ಹುಳಿ ತಾಗಿದ ಕೂಡಲೇ ಸೋಡಾ ಗಾಳಿ ಬಿಡಲು ಶುರು ಮಾಡುತ್ತದೆ, ಮೊದಲೇ ಹಾಕಿ ಕೂತರೆ ಆ ಗಾಳಿಯೆಲ್ಲ ಹೋಗಿಬಿಡುತ್ತದೆ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಳದ ರಬ್ಬರ್ ಮತ್ತು ಸೀಟಿ ಎರಡನ್ನೂ ತೆಗೆದು ಹತ್ತು ನಿಮಿಷ ಕಾಯಿಸು. ಆಮೇಲೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ 40 ನಿಮಿಷದ ಮೇಲೆ ಕಡ್ಡಿ ಚುಚ್ಚಿ ನೋಡು. ನೀರು ಮಾತ್ರ ಹಾಕಬೇಡ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀನು ಎರಡು ಚೀಲ ಹೊಲಿದು ಒಂದು ಡಬ್ಬಿ ಬಿಸ್ಕತ್ತು ಹಂಚಿದರೆ ಸಾಕು, ಎಷ್ಟು ಚಂದ ಮಾಡಿದ್ದೀಯ, ಒಂದು ಪೇಜ್ ಮಾಡಿ ಮಾರಬಾರದಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಹೊಲಿಗೆಯಿಂದ ಮನೆ ನಡೆಸುವವರು, ಮನೆಯಲ್ಲೇ ಕೇಕ್ ಮಾಡಿ ಮಕ್ಕಳ ಫೀಸು ಕಟ್ಟುವವರು ನನಗೆ ಬಹಳ ಜನ ಗೊತ್ತು, ಅವರ ದುಡಿಮೆಗೆ ನಾನು ತಲೆ ಬಾಗುತ್ತೇನೆ. ಆದರೆ ನಿನ್ನ ಸಂಜೆ ಅದಕ್ಕಲ್ಲ. ಮಾರುವುದು ಅಂದ ಕೂಡಲೇ ಎಸ್, ಎಂ, ಎಲ್ ಅಂತ ಅಳತೆ ಬರುತ್ತದೆ, ಒಂದೇ ತರಹ ನೂರು ಬರಬೇಕಾಗುತ್ತದೆ, ಬೇಗ ಮುಗಿಸಬೇಕಾಗುತ್ತದೆ. ನೀನು ಹೊಲಿಯುವ ಕುಲಾವಿಗೆ ಇರುವುದು ಒಂದೇ ತಲೆ. ಆ ಕೂಸಿನ ಕಿವಿ ಎಲ್ಲಿ, ಅದರ ನೆತ್ತಿ ಎಷ್ಟು, ಅದರ ಅವ್ವನಿಗೆ ಇಷ್ಟದ ಬಣ್ಣ ಯಾವುದು ಅಂತ ಯೋಚಿಸುತ್ತಾ ಕೂತ ಹೊತ್ತೇ ನಿನ್ನ ಉಡುಗೊರೆಯ ಅರ್ಧ ಭಾಗ. ನಿಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಅಂತ ಅವರ ಪಾಲಿಗೆ ರಾಗಿಯ ಖಾರಾ ಬಿಸ್ಕತ್ತು ಬೇರೆ ಮಾಡಿದೆ ಅಂದುಕೋ, ಅದನ್ನು ಯಾವ ಅಂಗಡಿಯೂ ಮಾಡಿಕೊಡುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಖಣ ನಾನು ಇಲ್ಲಿಂದಲೇ ತಗೊಂಡು ಪಾರ್ಸೆಲ್ ಮಾಡುತ್ತೇನೆ, ಬೆಂಗಳೂರಿನಲ್ಲಿ ಹುಡುಕಾಡಬೇಡ, ತಂಗಿಗೆ ಗೊತ್ತಾಗದ ಹಾಗೆ ಬಣ್ಣ ಕೇಳಿ ತಿಳಿಸು ಸಾಕು. ಅಲ್ಲಿಯವರೆಗೆ ಮಷಿನ್ನಿನ ಧೂಳು ಒರೆಸಿ, ಬಾಬಿನ್ ಕೂರುವ ಜಾಗದಲ್ಲಿ ಸಿಕ್ಕಿಕೊಂಡ ದಾರದ ಚೂರು ತೆಗೆದು, ಎಣ್ಣೆ ಬಿಡು. ಬೆಲ್ಟ್ ಸಡಿಲ ಆಗಿರಬಹುದು, ನೋಡು. ಹೊಸ ಸೂಜಿ ಹಾಕು, ಹತ್ತಿ ಬಟ್ಟೆಗೆ 14 ನಂಬರ್ ಸರಿ ಹೋಗುತ್ತದೆ. ಹಳೆ ಬಟ್ಟೆಯ ಮೇಲೆ ನಾಲ್ಕು ಸಾಲು ಹೊಲಿದು, ಮೇಲಿನದೂ ಕೆಳಗಿನದೂ ಎರಡೂ ಕಡೆ ಫೋಟೋ ತೆಗೆದು ಕಳಿಸು. ಕೆಳಗಡೆ ದಾರ ಕುಣಿಕೆ ಕುಣಿಕೆಯಾಗಿ ಬಂದಿದ್ದರೆ ಮೇಲಿನ ದಾರ ಸಡಿಲ ಇದೆ ಅಂತ, ಅದಕ್ಕೆ ಯಾವ ತಿರುಪು ಎಷ್ಟು ತಿರುಗಿಸಬೇಕು ಅಂತ ಫೋನಿನಲ್ಲೇ ಹೇಳುತ್ತೇನೆ.

ನಿನ್ನ ಗೆಳೆಯ, ಧಾರವಾಡದಿಂದ