ಎಐ ಬರೆದ ಕೋಡಿಗೆ ಟೆಸ್ಟ್ ಬರೆಯುವವರು ಬೇಕು

ಮಾನ್ಯ ಸಂಪಾದಕರೇ,

ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ಹಾಸನ, ಚಿಕ್ಕಮಗಳೂರಿನ ಪೋಷಕರು ಕೇಳುವ ಪ್ರಶ್ನೆ ಇದು: ಕೋಡನ್ನು ಎಐ ಬರೆಯುವುದಾದರೆ ಮಕ್ಕಳನ್ನು ಕಂಪ್ಯೂಟರ್ ಸೈನ್ಸ್‌ಗೆ ಯಾಕೆ ಸೇರಿಸಬೇಕು? ಪ್ರಶ್ನೆಯಲ್ಲಿ ಹುರುಳಿದೆ. 2021ರಲ್ಲಿ ಕೋಡ್ ಬರೆಯಲು ನೆರವಾಗುವ ಎಐ ಗಿಟ್‌ಹಬ್ ಕೋಪೈಲಟ್ ಬಂದಾಗ ಅದು ನಾವು ಟೈಪ್ ಮಾಡುತ್ತಿದ್ದ ಸಾಲನ್ನು ಮುಂದುವರಿಸಿ ಕೊಡುತ್ತಿತ್ತು. ಈಗಿನ ಏಜೆಂಟ್‌ಗಳು, ಅಂದರೆ ಒಪ್ಪಿಸಿದ ಕೆಲಸವನ್ನು ತಾವಾಗಿ ಮಾಡುವ ಎಐಗಳು, ಹತ್ತಾರು ಫೈಲ್ ತಿದ್ದಿ, ಪ್ರೋಗ್ರಾಂ ಓಡಿಸಿ, ಎರರ್ ಬಂದರೆ ತಾವೇ ಸರಿಪಡಿಸುತ್ತವೆ. ಹೊಸಬರ ಪಾಲಿಗಿದ್ದ ಫಾರಂ, ರಿಪೋರ್ಟ್, ಸಣ್ಣಪುಟ್ಟ ದುರಸ್ತಿಯ ಕೆಲಸ ಅವುಗಳ ಕೈಗೆ ಹೋಗುತ್ತಿದೆ. ಎರರ್ ತೋರಿಸದೆ ತಪ್ಪು ಉತ್ತರ ಕೊಡುವ ಪ್ರೋಗ್ರಾಂ ಮಾತ್ರ ಅವುಗಳಿಗೂ ಸರಿಯಾಗಿಯೇ ಕಾಣುತ್ತದೆ. ಅದನ್ನು ಹಿಡಿಯುವ ಟೆಸ್ಟ್, ಅಂದರೆ ಪ್ರೋಗ್ರಾಂ ಕೊಟ್ಟ ಉತ್ತರವನ್ನು ಸರಿಯುತ್ತರದೊಂದಿಗೆ ಹೋಲಿಸುವ ಕೋಡ್, ಬರೆಯಲು ಮನುಷ್ಯರೇ ಬೇಕು.

ನಮ್ಮ ಕಡೆಯ ಕಾಫಿ ಬಿಲ್ಲನ್ನೇ ತೆಗೆದುಕೊಳ್ಳಿ. ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) 50 ಕೆ.ಜಿ. ಚೀಲ, ಔಟ್‌ಟರ್ನ್ 26. ಅಂದರೆ ಹಲ್ ಮಾಡಿದರೆ (ಸಿಪ್ಪೆ ತೆಗೆದರೆ) ಆ ಚೀಲಕ್ಕೆ 26 ಕೆ.ಜಿ. ಬೀಜ. ದರ ಪಾಯಿಂಟ್‌ಗೆ, ಅಂದರೆ ಔಟ್‌ಟರ್ನ್‌ನ ಒಂದು ಕೆ.ಜಿ.ಗೆ, 400 ರೂ. ಎಂದಿಟ್ಟುಕೊಂಡರೆ ಚೀಲಕ್ಕೆ 10,400 ರೂ. ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ; ಎಐಗೆ ಹೇಳಬೇಕು. ಹೇಳದಿದ್ದರೆ ಅದು 26 ಅನ್ನು ಶೇಕಡಾವಾರು ಎಂದು ಬಗೆದು, 13 ಕೆ.ಜಿ.ಗೆ 5,200 ರೂ. ಬಿಲ್ ಹಾಕುವ ಕೋಡ್ ಬರೆದೀತು. ಟೆಸ್ಟ್ ಕೂಡ ನೀನೇ ಬರೆ ಎಂದರೆ ಅಲ್ಲಿಯೂ ಉತ್ತರ 5,200 ಎಂದೇ ಇರುತ್ತದೆ. ಎಲ್ಲ ಟೆಸ್ಟ್ ಪಾಸ್, ಬೆಳೆಗಾರನಿಗೆ ಅರ್ಧ ದುಡ್ಡು.

ಹಾಗಾಗಿ ಎಐಗೆ ಕೆಲಸ ಒಪ್ಪಿಸುವ ಮೊದಲೇ ವ್ಯಾಪಾರಿಯ ಹಳೆಯ ಚೀಟಿಗಳಿಂದ ಹತ್ತು ಲೆಕ್ಕ ಆಯ್ದು, ಉತ್ತರವನ್ನು ಕೈಯಲ್ಲಿ ಹಾಕಿ ಟೆಸ್ಟ್ ಬರೆದಿಡಬೇಕು. ಖಾಲಿ ಚೀಲದ ತೂಕ ಕಳೆದದ್ದು, 37.5 ಕೆ.ಜಿ.ಯ ಅರೆಬರೆ ಚೀಲ, ತೇವಾಂಶ ಶೇ 11 ದಾಟಿದ ಚೆರಿ, ಔಟ್‌ಟರ್ನ್ ನಮೂದಿಸಲು ಮರೆತ ಚೀಟಿ, ಇವೆಲ್ಲ ಅದರಲ್ಲಿರಲಿ. ಟೆಸ್ಟ್ ಫೈಲ್ ಮುಟ್ಟಲು ಏಜೆಂಟ್‌ಗೆ ಅನುಮತಿ ಕೊಡಬಾರದು. ಕೋಡ್ ಪಾಸಾಗದಿದ್ದಾಗ ಟೆಸ್ಟನ್ನೇ ಬದಲಿಸಿ ಪಾಸು ಮಾಡಿಕೊಳ್ಳುವ ಚಾಳಿ ಅದಕ್ಕುಂಟು. ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಬೇಕು. ಯಾಕೆಂದರೆ ಪೈಥಾನ್ ಭಾಷೆಯಲ್ಲಿ ದಶಮಾಂಶ ಸಂಖ್ಯೆ ಇಡುವ ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ.

ಕನ್ನಡ ಹೆಸರುಗಳದ್ದು ಇನ್ನೊಂದು ತಾಪತ್ರಯ. 'ಲಕ್ಷ್ಮಿ' ನಮಗೆ ಎರಡಕ್ಷರ, ಯೂನಿಕೋಡ್‌ನಲ್ಲಿ 7 ಸಂಕೇತ. ರಸೀದಿಯಲ್ಲಿ ಜಾಗ ಸಾಲದೆಂದು 5 ಸಂಕೇತಕ್ಕೆ ಕತ್ತರಿಸುವ ಕೋಡ್ 'ಲಕ್ಷ್' ಎಂದು ಮುದ್ರಿಸುತ್ತದೆ. ಇಂಗ್ಲಿಷ್ ಹೆಸರಿನಲ್ಲಷ್ಟೇ ಪರೀಕ್ಷಿಸಿದರೆ ಇದು ಸಿಕ್ಕಿಬೀಳುವುದೇ ಇಲ್ಲ.

ಎಐ ಕೆಲವೊಮ್ಮೆ ಇಲ್ಲದ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಹೆಸರನ್ನೂ ಹೇಳುತ್ತದೆ. ಅಂಥ ಹೆಸರಿನಲ್ಲಿ ಬೇರೆ ಯಾರಾದರೂ ದುರುದ್ದೇಶದ ಕೋಡ್ ಏರಿಸಿಟ್ಟಿರಬಹುದು. ಇನ್‌ಸ್ಟಾಲ್ ಮಾಡುವ ಮುನ್ನ ಅದು ಎಂದಿನಿಂದ ಇದೆ, ಯಾರು ನಡೆಸುತ್ತಿದ್ದಾರೆ ಎಂದು ನೋಡಬೇಕು.

ಕಾಲೇಜುಗಳ ಲ್ಯಾಬ್ ಇನ್ನೂ ನಿಗದಿತ ಪ್ರೋಗ್ರಾಂ ಬರೆದು ರೆಕಾರ್ಡ್ ಒಪ್ಪಿಸುವಲ್ಲೇ ನಿಂತಿದ್ದರೆ, ಎಐ ಕ್ಷಣದಲ್ಲಿ ಮಾಡುವ ಕೆಲಸಕ್ಕೆ ಅಂಕ ಕೊಟ್ಟಂತಾಯಿತು. ಅದರ ಬದಲು ಎಐ ಬರೆದ 150 ಸಾಲಿನ ಕೋಡಿನಲ್ಲಿ ಮೂರು ತಪ್ಪು ಬಚ್ಚಿಟ್ಟು ಕೊಡಲಿ. ವಿದ್ಯಾರ್ಥಿ ಮೊದಲು ಫೇಲಾಗುವ ಟೆಸ್ಟ್ ಬರೆದು ತಪ್ಪನ್ನು ತೋರಿಸಲಿ, ಆಮೇಲೆ ತಿದ್ದಲಿ. ಹೆಚ್ಚಿನ ಅಂಕ ಟೆಸ್ಟಿಗೇ ಇರಲಿ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥ ಸ್ವಾಯತ್ತ ಸಂಸ್ಥೆಗಳು ಇದಕ್ಕಾಗಿ ವಿಟಿಯು ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಿಲ್ಲ. ಮೊದಲ ವರ್ಷ ಮಾತ್ರ ಎಐ ಬೇಡ. ಸ್ವಂತ ಕೈಯಿಂದ ಲೂಪ್ ಬರೆದು ಎಡವದ ಹುಡುಗರಿಗೆ ಆ 150 ಸಾಲು ಓದಲು ಬಾರದು.

– ಸಾಫ್ಟ್‌ವೇರ್ ಎಂಜಿನಿಯರ್, ಹಾಸನ