ಸಬ್ಜೆಕ್ಟ್ ಬಿಡು, ಮೊದಲು ಕ್ರಿಯಾಪದ ಹಿಡಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಇಂಗ್ಲಿಷ್ ಗ್ರಾಮರ್ ಹಾಳೆ ನೋಡಿದೆ. ಪ್ರತಿ ವಾಕ್ಯದ ಸಬ್ಜೆಕ್ಟಿಗೆ, ಅಂದರೆ ಕ್ರಿಯಾಪದ ಯಾವ ಪದಕ್ಕೆ ಹೊಂದಿಕೊಳ್ಳುತ್ತದೋ ಅದಕ್ಕೆ, ಗೆರೆ ಎಳೆಯಬೇಕಿತ್ತು. ಹತ್ತರಲ್ಲಿ ಆರು ಸರಿಯಿದೆ. ಉಳಿದ ನಾಲ್ಕರಲ್ಲೂ ಒಂದೇ ಎಡವಟ್ಟು: ಕ್ರಿಯಾಪದದ ಪಕ್ಕ ಯಾವ ನಾಮಪದ ಕಂಡಿತೋ ಅದರ ಕೆಳಗೆ ಗೆರೆ ಎಳೆದುಬಿಟ್ಟಿದ್ದೀಯ. ಸಬ್ಜೆಕ್ಟನ್ನು ಹುಡುಕಿಕೊಂಡು ಹೋದರೆ ಹೀಗೇ ಆಗುವುದು. ಮೊದಲು ಕ್ರಿಯಾಪದ ಹಿಡಿ.

ಅದಕ್ಕೆ ವಾಕ್ಯದ ಕಾಲ ಬದಲಿಸಿ ನೋಡು. 'ದ ಬಾಕ್ಸ್ ಆಫ್ ಮ್ಯಾಂಗೋಸ್ ಈಸ್ ಹೆವಿ' ಅನ್ನುವುದನ್ನು ನಿನ್ನೆಯ ಮಾತಾಗಿಸಿದರೆ 'ಈಸ್' ಹೋಗಿ 'ವಾಸ್' ಬರುತ್ತದೆ. ಬದಲಾದ ಪದವೇ ಕ್ರಿಯಾಪದ. ಈಗ ಕೇಳು, ಭಾರ ಇರುವುದು ಯಾವುದು? ಬಾಕ್ಸು. 'ಆಫ್, ಇನ್, ಆನ್, ವಿತ್, ನಿಯರ್' ಇಂಥವುಗಳಿಂದ ಶುರುವಾಗುವ ತುಂಡಿಗೆಲ್ಲ ಪೆನ್ಸಿಲಿನಲ್ಲಿ ಬ್ರ್ಯಾಕೆಟ್ ಹಾಕು. ನಿನ್ನ ಪರೀಕ್ಷೆಗೆ ಬರುವ ವಾಕ್ಯಗಳಲ್ಲಿ ಸಬ್ಜೆಕ್ಟು ಆ ಬ್ರ್ಯಾಕೆಟ್ಟಿನೊಳಗೆ ಇರುವುದು ತೀರಾ ಅಪರೂಪ. 'ಈಚ್ ಆಫ್ ದ ಗರ್ಲ್ಸ್ ಹ್ಯಾಸ್ ಎ ಬುಕ್' ಎನ್ನುವಲ್ಲಿ 'ಹ್ಯಾಸ್' ಬಂದದ್ದು 'ಈಚ್' ನೋಡಿ, 'ಗರ್ಲ್ಸ್' ನೋಡಿ ಅಲ್ಲ. 'ಅಲಾಂಗ್ ವಿತ್', 'ಆಸ್ ವೆಲ್ ಆಸ್' ಬಂದರೂ ಬ್ರ್ಯಾಕೆಟ್ಟೇ. ಒಂದು ಕಡೆ ಮಾತ್ರ ಒಳಗೆ ಇಣುಕಬೇಕು: 'ಸಮ್, ಆಲ್, ಮೋಸ್ಟ್' ಇಂಥ ಪದಗಳಿದ್ದಾಗ. 'ಸಮ್ ಆಫ್ ದ ಮಿಲ್ಕ್ ಈಸ್', ಆದರೆ 'ಸಮ್ ಆಫ್ ದ ಮ್ಯಾಂಗೋಸ್ ಆರ್'.

ಉದ್ದ ವಾಕ್ಯದಲ್ಲಿ ಎರಡೆರಡು ಕ್ರಿಯಾಪದ ಕಂಡರೆ ಗಾಬರಿಯಾಗಬೇಡ. 'ದ ಗರ್ಲ್ ಹೂ ಈಸ್ ಸಿಟಿಂಗ್ ನಿಯರ್ ದ ವಿಂಡೋ ಈಸ್ ಮೈ ಕಸಿನ್.' ಇದನ್ನು ಹೌದು-ಅಲ್ಲ ಎಂದು ಉತ್ತರ ಬರುವ ಪ್ರಶ್ನೆ ಮಾಡು: 'ಈಸ್ ದ ಗರ್ಲ್ ಹೂ ಈಸ್ ಸಿಟಿಂಗ್ ನಿಯರ್ ದ ವಿಂಡೋ ಮೈ ಕಸಿನ್?' ಮುಂದಕ್ಕೆ ಹಾರಿದ್ದು ಎರಡನೆಯ 'ಈಸ್'. ಅದು ಯಾವುದನ್ನು ದಾಟಿ ಬಂತೋ ಅಷ್ಟೂ ಪೂರ್ತಿ ಸಬ್ಜೆಕ್ಟ್, ಅದರಲ್ಲಿ ಮುಖ್ಯ ಪದ 'ಗರ್ಲ್'. 'ಈಸ್, ವಿಲ್, ಕ್ಯಾನ್' ಇಂಥದ್ದು ಯಾವುದೂ ಇಲ್ಲದಿದ್ದರೆ 'ಡು, ಡಸ್, ಡಿಡ್'ಗಳಲ್ಲಿ ಹೊಂದುವುದನ್ನು ಸೇರಿಸಿಕೋ. 'ದ ಬಸ್ ಫ್ರಮ್ ಹಾಸನ ಸ್ಟಾಪ್ಸ್ ಹಿಯರ್' ಎಂಬುದು ಹೀಗಾಗುತ್ತದೆ: 'ಡಸ್ ದ ಬಸ್ ಫ್ರಮ್ ಹಾಸನ ಸ್ಟಾಪ್ ಹಿಯರ್?' 'ಡಸ್'ಗೂ 'ಸ್ಟಾಪ್'ಗೂ ನಡುವೆ ಇರುವುದೇ ಸಬ್ಜೆಕ್ಟ್. ಇಷ್ಟು ಒಳ್ಳೆಯ ಉಪಾಯವನ್ನು ಗೈಡುಗಳಲ್ಲಿ ಯಾಕೆ ಮೊದಲ ಪುಟದಲ್ಲೇ ಹಾಕುವುದಿಲ್ಲವೋ!

ಇನ್ನು, ಕೆಲಸ ಮಾಡಿದವರೇ ಸಬ್ಜೆಕ್ಟ್ ಅಂತ ಬಾಯಿಪಾಠ ಮಾಡಿದ್ದೀಯಲ್ಲ, ಅದನ್ನು ಬಿಡು. 'ದ ಗ್ಲಾಸ್ ವಾಸ್ ಬ್ರೋಕನ್ ಬೈ ದ ಬಾಯ್ಸ್.' ಒಡೆದವರು ಹುಡುಗರೇ. ಆದರೆ ಅವರು ಸಬ್ಜೆಕ್ಟಾಗಿದ್ದರೆ 'ವರ್' ಬರಬೇಕಿತ್ತು. 'ವಾಸ್' ಬಂದದ್ದು ಗ್ಲಾಸಿಗೆ. ಕ್ರಿಯಾಪದ ಯಾರ ಮಾತು ಕೇಳುತ್ತದೆ ಎಂಬುದನ್ನಷ್ಟೇ ನೋಡು.

ನಿನಗೆ ಹೆಚ್ಚು ತೊಡಕಾಗುವುದು ಕನ್ನಡದಲ್ಲಿ 'ಗೆ', 'ಇಗೆ' ಹಚ್ಚಿ ಹೇಳುವ ಮಾತುಗಳಲ್ಲಿ. 'ಅವಳಿಗೆ ಇಬ್ಬರು ತಮ್ಮಂದಿರಿದ್ದಾರೆ' ಎಂದಾಗ 'ಇದ್ದಾರೆ' ಹೊಂದುವುದು ತಮ್ಮಂದಿರಿಗೆ. ಇಂಗ್ಲಿಷಿನಲ್ಲಿ ಹಾಗಲ್ಲ, ಅಲ್ಲಿ 'ಷಿ' ಸಬ್ಜೆಕ್ಟ್, ಅದಕ್ಕೇ 'ಷಿ ಹ್ಯಾಸ್ ಟೂ ಬ್ರದರ್ಸ್'. ಇಬ್ಬರಿದ್ದಾರಲ್ಲ ಎಂದು ನೀನು 'ಹ್ಯಾವ್' ಬರೆದದ್ದು ಇಲ್ಲಿಂದಲೇ. 'ನನಗೆ ಹಸಿವಾಗಿದೆ' ಎಂಬುದೂ ಅಷ್ಟೇ, 'ಐ ಆಮ್ ಹಂಗ್ರಿ' ಆಗುತ್ತದೆ.

ಕನ್ನಡದಲ್ಲಿ 'ಬಂದಳು' ಎಂದರೆ ಸಾಕು, 'ಅವಳು' ಬೇಕೇ ಬೇಕೆಂದಿಲ್ಲ. ಇಂಗ್ಲಿಷಿನಲ್ಲಿ ಆ ಜಾಗ ಖಾಲಿ ಬಿಡುವಂತಿಲ್ಲ. 'ಇಟ್ ಈಸ್ ರೇನಿಂಗ್' ಎನ್ನುವಾಗ 'ಇಟ್'ಗೆ ಅರ್ಥವೇನೂ ಇಲ್ಲ, ಆದರೂ ಸಬ್ಜೆಕ್ಟ್ ಅದೇ. 'ಷಟ್ ದ ಡೋರ್' ಎನ್ನುವಂಥ ಅಪ್ಪಣೆಗಳಲ್ಲಿ ಮಾತ್ರ 'ಯೂ' ಅಡಗಿರುತ್ತದೆ.

'ದೇರ್ ಆರ್ ಟೂ ಡಾಗ್ಸ್ ಅಟ್ ದ ಗೇಟ್' ಬಂದರೆ ಹುಷಾರು. ಪ್ರಶ್ನೆ ಮಾಡಿ ನೋಡಿದರೆ 'ದೇರ್' ಸಬ್ಜೆಕ್ಟಿನ ಹಾಗೆ ಕಾಣುತ್ತದೆ, ಭಾಷಾಶಾಸ್ತ್ರ ಓದಿದ ಹಲವರು ಹಾಗೇ ಅನ್ನುತ್ತಾರೆ. ಶಾಲೆಯ ವ್ಯಾಕರಣಕ್ಕೆ ಬೇಕಾದದ್ದು 'ಟೂ ಡಾಗ್ಸ್', ಏಕೆಂದರೆ 'ಆರ್' ಬಂದದ್ದು ನಾಯಿಗಳು ಎರಡಿರುವುದರಿಂದ. ಪರೀಕ್ಷೆಯಲ್ಲಿ ಅದನ್ನೇ ಬರಿ, ವಾದ ಆಮೇಲೆ ಮಾಡೋಣ. 'ಆನ್ ದ ಹಿಲ್ ಸ್ಟ್ಯಾಂಡ್ಸ್ ಎ ಟೆಂಪಲ್' ಎಂಬಲ್ಲೂ ಸಬ್ಜೆಕ್ಟು, ಅಂದರೆ 'ಟೆಂಪಲ್', ಕ್ರಿಯಾಪದ ಆದ ಮೇಲೆ ಹೋಗಿ ಕೂತಿದೆ.

ಈ ಮೂರನ್ನು ಮಾಡಿ ಭಾನುವಾರದೊಳಗೆ ಫೋಟೋ ಕಳಿಸು, ಕ್ರಿಯಾಪದಕ್ಕೆ ಎರಡು ಗೆರೆ, ಸಬ್ಜೆಕ್ಟಿಗೆ ಒಂದು:

ದ ಪ್ರೈಸ್ ಆಫ್ ಆನಿಯನ್ಸ್ ಹ್ಯಾಸ್ ಗಾನ್ ಅಪ್.
ರೀಡಿಂಗ್ ಓಲ್ಡ್ ಲೆಟರ್ಸ್ ಟೇಕ್ಸ್ ಟೈಮ್.
ವಾಟ್ ದ ಡಾಕ್ಟರ್ ಟೋಲ್ಡ್ ಅಸ್ ವಾಸ್ ಟ್ರೂ.

ಮೂರನೆಯದಕ್ಕೆ 'ಡಾಕ್ಟರ್' ಎಂದು ಬರೆಯುವ ಮುಂಚೆ ಅದನ್ನೊಮ್ಮೆ ಪ್ರಶ್ನೆ ಮಾಡಿ ನೋಡು.

ನಿನ್ನ ಅಮ್ಮ